ಮಂಗ, ಬೆಕ್ಕು, ಗಿಳಿ, ಗೂಬೆ: ಕಲ್ಲುಕುಟಿಗ ಓಶೇಯ ಬೆನ್ನುಹತ್ತಿ

ಗುರುವಾರ, ಡಬ್ಲಿನ್

ಟ್ರಿನಿಟಿ ಕಾಲೇಜಿನ ಮ್ಯೂಸಿಯಂ ಬಿಲ್ಡಿಂಗ್‌ಗೆ ಹೆಸರು ಮಾತ್ರ ಮ್ಯೂಸಿಯಂ. ಒಳಗಿರುವುದು ಭೂವಿಜ್ಞಾನ, ಭೂಗೋಳ, ಸಿವಿಲ್ ಎಂಜಿನಿಯರಿಂಗ್ ವಿಭಾಗಗಳು. ಅಕ್ಕನ ಮಗ ಸಿವಿಲ್ ಓದುತ್ತಿರುವುದು ಇದೇ ಕಟ್ಟಡದಲ್ಲಿ. ಮ್ಯಾಂಚೆಸ್ಟರಿನಲ್ಲಿ ಕೆಲಸಕ್ಕಿರುವ ನಾನು ಅವನನ್ನು ನೋಡಿ ಬರುತ್ತೇನೆಂದು ಅಕ್ಕನಿಗೆ ಹೇಳಿದ್ದೆ. ಮನಸ್ಸಿನಲ್ಲಿದ್ದ ಇನ್ನೊಂದು ಲೆಕ್ಕ ಅವಳಿಗೆ ಹೇಳಿರಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಜೇಮ್ಸ್ ಓಶೇ ಅನ್ನುವ ಐರಿಷ್ ಕಲ್ಲುಕುಟಿಗನೊಬ್ಬನಿದ್ದ. ಅವನು ಡಬ್ಲಿನ್‌ನಲ್ಲಿ ಕೈ ತೋರಿಸಿ, ಆಕ್ಸ್‌ಫರ್ಡಿಗೆ ಹೋಗಿ ಜಗಳ ಮಾಡಿಕೊಂಡು, ಆಮೇಲೆ ಮ್ಯಾಂಚೆಸ್ಟರಿಗೆ ಬಂದವನು. ಅದೇ ದಾರಿ ಹಿಡಿದು ಅವನ ಕಲ್ಲುಗಳನ್ನು ನೋಡಿಕೊಂಡು ಮನೆ ಸೇರಬೇಕು ಎಂಬುದು ಆ ಲೆಕ್ಕ.

ಕಟ್ಟಡ ಎದ್ದದ್ದು 1853ರಿಂದ 1857ರ ನಡುವೆ. ಆಲೂಗಡ್ಡೆ ಬೆಳೆ ಕೊಳೆತು ದೇಶಕ್ಕೆ ದೇಶವೇ ಹಸಿವಿನಿಂದ ಸತ್ತ ಬರಗಾಲ ಆಗಷ್ಟೇ ಹಿಂದೆ ಸರಿದಿತ್ತು. ನಕ್ಷೆ ಹಾಕಿದ್ದು ಡೀನ್ ಮತ್ತು ವುಡ್‌ವರ್ಡ್ ಎಂಬ ವಾಸ್ತುಶಿಲ್ಪಿಗಳ ಸಂಸ್ಥೆ. ಅದರಲ್ಲಿ ಬೆಂಜಮಿನ್ ವುಡ್‌ವರ್ಡ್ ಮೂಲತಃ ಸಿವಿಲ್ ಎಂಜಿನಿಯರಿಂಗ್ ಕಲಿತವನು, ಮಾತು ಕಡಿಮೆ, ಕ್ಷಯ ಹಿಡಿದ ಮೈ. ಕಲ್ಲಿನ ಅಲಂಕಾರಕ್ಕೆ ಅವನು ಹಿಡಿದು ತಂದವರು ಕಾರ್ಕ್ ಕಡೆಯ ಅಣ್ಣತಮ್ಮಂದಿರಾದ ಜೇಮ್ಸ್ ಮತ್ತು ಜಾನ್ ಓಶೇ. ಅವರ ಜೊತೆಗೆ ನೆಂಟರ ಹುಡುಗ ಎಡ್ವರ್ಡ್ ವೀಲನ್. ಆ ಕಾಲದ ರೂಢಿ ಏನೆಂದರೆ ವಾಸ್ತುಶಿಲ್ಪಿ ಎಲೆ ಬಳ್ಳಿಯ ಚಿತ್ರ ಬರೆದುಕೊಡಬೇಕು, ಕೆತ್ತುವವನು ಅದನ್ನೇ ಅಳತೆ ತಪ್ಪದಂತೆ ನಲವತ್ತು ಸಲ ಕೆತ್ತಬೇಕು. ಇಂಗ್ಲೆಂಡಿನ ಕಲಾವಿಮರ್ಶಕ ಜಾನ್ ರಸ್ಕಿನ್ ಇದು ಕೂಡದು ಎಂದು ಬರೆದಿದ್ದ. ಕೆಲಸಗಾರ ಯಂತ್ರವಲ್ಲ, ಅವನ ಕೈಗೆ ಅವನದೇ ಬುದ್ಧಿ ಬೆರೆತರೆ ಮಾತ್ರ ಕಟ್ಟಡಕ್ಕೆ ಜೀವ ಎಂಬುದು ಅವನ ವಾದ. ಮುಂದೆ ನಮ್ಮ ಗಾಂಧೀಜಿಯ ತಲೆ ತಿರುಗಿಸಿದ ರಸ್ಕಿನ್ನನೇ ಇವನು. ವುಡ್‌ವರ್ಡ್ ಆ ಮಾತನ್ನು ಓದಿ ಬಿಡಲಿಲ್ಲ. ಓಶೇಗಳ ಕೈಗೆ ಗಿಡ ಕೊಟ್ಟು, ಕಂಡದ್ದನ್ನು ಕೆತ್ತಿ ಎಂದ.

ಬಾಗಿಲು ದಾಟಿದರೆ ಎರಡು ದೈತ್ಯ ಜಿಂಕೆಗಳ ಅಸ್ಥಿಪಂಜರ ಎದುರಾಗುತ್ತವೆ. ಐರ್ಲೆಂಡಿನ ಜೌಗಿನಲ್ಲಿ ಹೂತಿದ್ದ, ಸಾವಿರಾರು ವರ್ಷಗಳ ಹಿಂದೆಯೇ ಅಳಿದುಹೋದ ಜಾತಿ ಅದು. ಬಂದವರೆಲ್ಲ ಅಲ್ಲಿ ನಿಂತು ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ನಾವು ಅವನ್ನು ದಾಟಿ ಮೆಟ್ಟಿಲ ಸಭಾಂಗಣಕ್ಕೆ ಹೋದೆವು. ತಲೆಯ ಮೇಲೆ ಬಣ್ಣದ ಇಟ್ಟಿಗೆಯ ಅವಳಿ ಗುಮ್ಮಟ. ಸುತ್ತ ಐರ್ಲೆಂಡಿನದೇ ಅಮೃತಶಿಲೆಯ ಕಂಬಗಳು: ಕಾನ್ನೆಮಾರಾದ ಹಸಿರು, ಕಾರ್ಕಿನ ಕೆಂಪು, ಕಿಲ್ಕೆನ್ನಿಯ ಕಪ್ಪು. ಕಂಬ ಎಷ್ಟೇ ನುಣುಪಾಗಿರಲಿ, ಕಣ್ಣು ಹೋಗುವುದು ಅದರ ತಲೆಯ ಮೇಲಿನ ಬೋದಿಗೆಗೆ.

"ದಿನಾ ಇದೇ ಮೆಟ್ಟಿಲು ಹತ್ತುತ್ತೀನಿ ಮಾವ, ಕತ್ತೆತ್ತಿ ನೋಡಿದ್ದೇ ಇಲ್ಲ," ಅಂದ ಹುಡುಗ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಕಲ್ಲಿನ ಗಿಡಕ್ಕೂ ಸಲ್ಲುತ್ತದೆ.

ಒಂದು ಬೋದಿಗೆಯನ್ನು ದುರ್ಬೀನಿನಲ್ಲಿ ಸಾವಕಾಶ ನೋಡಿದೆ. ಓಕ್ ಎಲೆ. ನಮೂನೆ ಪುಸ್ತಕದ ಎಲೆ ಎಡಬಲ ಎರಡೂ ಒಂದೇ ಸಮ ಇರುತ್ತದೆ. ಇದು ಹಾಗಿಲ್ಲ. ಒಂದು ಎಲೆಯ ಅಂಚು ಒಣಗಿ ಸುರುಳಿಯಾಗಿದೆ, ಪಕ್ಕದ್ದು ಅದರ ಬೆನ್ನಿಗೆ ಒತ್ತಿಕೊಂಡು ಮಡಚಿದೆ. ಎಲೆಯ ಹಿಂದೆ ಚಾಣ ತೂರಿಸಿ ಕಲ್ಲನ್ನು ಎಷ್ಟು ಆಳಕ್ಕೆ ಬಗೆದಿದ್ದಾನೆಂದರೆ ಎಲೆಯ ನೆರಳು ಎಲೆಗಿಂತ ಕಪ್ಪಗೆ ಕಾಣುತ್ತದೆ. ದೂರದಿಂದ ನೋಡಿದಾಗ ಜೀವ ಬಂದಂತೆ ಅನಿಸುವುದು ಈ ನೆರಳಿನಿಂದ. ಒಳಗೆ ಬಳಸಿದ್ದು ಫ್ರಾನ್ಸಿನ ಕಾನ್ ಊರಿನ ಸುಣ್ಣಕಲ್ಲು. ಗಣಿಯಿಂದ ಬಂದ ಹೊಸದರಲ್ಲಿ ಮೆತ್ತಗಿದ್ದು, ಗಾಳಿ ತಾಗುತ್ತ ಗಟ್ಟಿಯಾಗುವ ಜಾತಿ. ಹಾಗಾಗಿ ಇಂಥ ಪುಂಡಾಟ ಸಾಧ್ಯವಾಯಿತು. ಗ್ರಾನೈಟಿನಲ್ಲಾದರೆ ಅವನೂ ಸುಮ್ಮನಿರಬೇಕಿತ್ತು.

ಹೊರಗೋಡೆಯ ಕಿಟಕಿಗಳ ಸುತ್ತಲೂ ಕೆತ್ತನೆ ಇದೆ, ಅದು ಪೋರ್ಟ್‌ಲ್ಯಾಂಡ್ ಕಲ್ಲು. ಮಳೆ ಶುರುವಾಗಿದ್ದರಿಂದ ಅರ್ಧ ಸುತ್ತು ಹಾಕಿ ಕ್ಯಾಂಟೀನಿಗೆ ಓಡಿದೆವು.

ಶುಕ್ರವಾರ, ಡಬ್ಲಿನ್

ಕಾಲೇಜಿನ ದಕ್ಷಿಣ ಗೋಡೆಯಾಚೆ, ರಸ್ತೆ ದಾಟಿದರೆ ಕಿಲ್ಡೇರ್ ಸ್ಟ್ರೀಟ್ ಮೂಲೆಯಲ್ಲಿ ಕೆಂಪು ಇಟ್ಟಿಗೆಯ ಕಟ್ಟಡವೊಂದಿದೆ. ಜಮೀನ್ದಾರರು ಕೂತು ಇಸ್ಪೀಟಾಡುತ್ತಿದ್ದ ಕಿಲ್ಡೇರ್ ಸ್ಟ್ರೀಟ್ ಕ್ಲಬ್ ಅದು. ಡೀನ್ ಮತ್ತು ವುಡ್‌ವರ್ಡ್ ಸಂಸ್ಥೆಯದೇ ಕೆಲಸ, ಮುಗಿದದ್ದು 1861ರಲ್ಲಿ. ಈಗ ಒಂದು ಭಾಗದಲ್ಲಿ ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್, ಇನ್ನೊಂದು ಭಾಗ ರಾಷ್ಟ್ರೀಯ ಗ್ರಂಥಾಲಯದ್ದು. ಒಳಗಿದ್ದ ಭಾರೀ ಮೆಟ್ಟಿಲನ್ನು 1971ರಲ್ಲಿ ಒಡೆದು ಹಾಕಿದರು. ಆ ಬಗ್ಗೆ ಬರೆಯಹೊರಟರೆ ಬೈಗುಳವೇ ಬರುತ್ತದೆ, ಬಿಡಿ.

ನಾವು ಹುಡುಕಿಕೊಂಡು ಹೋದದ್ದು ಕಿಟಕಿಯ ಕಂಬಗಳ ಬುಡ. ಮಂಗಗಳು ಬಿಲಿಯರ್ಡ್ಸ್ ಆಡುತ್ತಿವೆ! ಪುಟ್ಟ ಮೇಜು, ಅದರ ಮೇಲೆ ಚೆಂಡು. ಒಂದು ಮಂಗ ಮೈ ಬಗ್ಗಿಸಿ ಕೋಲು ಗುರಿಯಿಟ್ಟಿದೆ. ಅದರ ಗಂಭೀರ ಮುಖ ನೋಡಬೇಕು. ಪೂರ್ತಿ ಸಂಬಳದ ದುಡ್ಡು ಪಣಕ್ಕಿಟ್ಟವನ ಹಾಗಿದೆ. ಕಲ್ಲು ಕಾಲುದಾರಿಯಲ್ಲಿ ನಡೆಯುವವರ ಕೈಗೆ ಎಟುಕುವ ಎತ್ತರದಲ್ಲಿದೆ. ಒಳಗೆ ಮೆಂಬರುಗಳು ಅದೇ ಆಟ ಆಡುತ್ತಿದ್ದಾಗ ಹೊರಗೆ ಊರಿನವರೆಲ್ಲ ಈ ಮಂಗಗಳನ್ನು ನೋಡುತ್ತ ಹೋಗುತ್ತಿದ್ದರಲ್ಲ, ಅವರಲ್ಲಿ ಎಷ್ಟು ಜನ ನಕ್ಕಿರಬಹುದು!

ಇದನ್ನು ಕೆತ್ತಿದ್ದು ಓಶೇಗಳೇ ಎಂದು ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಅಲ್ಲ, ಡಬ್ಲಿನ್‌ನಲ್ಲೇ ಕಾರ್ಖಾನೆ ಇಟ್ಟುಕೊಂಡಿದ್ದ ಹ್ಯಾರಿಸನ್ ಎಂಬುವನ ಕೈಕೆಲಸ ಎನ್ನುವವರೂ ಇದ್ದಾರೆ. ವಾಸ್ತುಶಿಲ್ಪಿಯ ಹೆಸರಿನ ಬಗ್ಗೆ ಯಾರಿಗೂ ಗೊಂದಲವಿಲ್ಲ, ಗಮನಿಸಿ. ನನ್ನ ಅಂದಾಜು ಕೇಳಿದರೆ, ನಿನ್ನೆ ನೋಡಿದ ಎಲೆಗಳ ಆಳ ಈ ಮಂಗಗಳಲ್ಲಿ ಕಾಣಲಿಲ್ಲ, ಆದರೆ ತುಂಟತನ ಮಾತ್ರ ನಾಳೆ ಆಕ್ಸ್‌ಫರ್ಡಿನಲ್ಲಿ ನೋಡಲಿರುವವನದೇ. ಪಂಡಿತರು ಬಡಿದಾಡಿಕೊಳ್ಳಲಿ.

ಸಂಜೆಯ ವಿಮಾನದಲ್ಲಿ ಹೀಥ್ರೂ, ಅಲ್ಲಿಂದ ಬಸ್ಸು. ಹುಡುಗ ದಾರಿಯುದ್ದಕ್ಕೂ ನಿದ್ದೆ.

ಶನಿವಾರ, ಆಕ್ಸ್‌ಫರ್ಡ್

ಪಾರ್ಕ್ಸ್ ರೋಡಿನಲ್ಲಿ ಕೀಬಲ್ ಕಾಲೇಜಿನ ಎದುರಿಗೆ ವಿಶ್ವವಿದ್ಯಾಲಯದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಬಾಗಿಲು ತೆರೆಯುವುದು ಹತ್ತು ಗಂಟೆಗೆ, ಟಿಕೆಟ್ ಇಲ್ಲ. ಹುಲ್ಲುಹಾಸಿನ ಮೇಲೆ ಮಕ್ಕಳು ಆಗಲೇ ಓಡಾಡುತ್ತಿದ್ದವು. ಗೋಪುರದ ಗಾಳಿಗಂಡಿಗಳಲ್ಲಿ ಸ್ವಿಫ್ಟ್ ಎಂಬ ಬಾನಾಡಿ ಹಕ್ಕಿಗಳು ಗೂಡು ಕಟ್ಟುತ್ತವೆ. 1940ರ ದಶಕದಿಂದಲೂ ಅವುಗಳ ಲೆಕ್ಕ ಇಡುತ್ತಿದ್ದಾರೆ. ನಾವು ಹೋದಾಗ ಅವು ಆಫ್ರಿಕಾದಿಂದ ಬಂದಾಗಿತ್ತು, ತಲೆ ಮೇಲೆಲ್ಲ ಕಿರಿಚಾಟ.

ಈ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1855ರ ಜೂನ್ 20ರಂದು. ಹಿಂದೆ ನಿಂತು ನೂಕಿದವನು ವೈದ್ಯ ಹೆನ್ರಿ ಆಕ್ಲೆಂಡ್. ಗ್ರೀಕ್, ಲ್ಯಾಟಿನ್, ದೇವತಾಶಾಸ್ತ್ರ ಬಿಟ್ಟರೆ ಬೇರೆ ವಿದ್ಯೆಯೇ ಇಲ್ಲ ಎಂದುಕೊಂಡಿದ್ದ ಊರಿನಲ್ಲಿ ವಿಜ್ಞಾನಕ್ಕೊಂದು ಸೂರು ಬೇಕೆಂದು ವರ್ಷಗಟ್ಟಲೆ ಗೋಗರೆದು ಗೆದ್ದಿದ್ದ. ಕಟ್ಟಲು ಗೊತ್ತುಮಾಡಿದ ಮೊತ್ತ 30,000 ಪೌಂಡ್. ಆ ದುಡ್ಡು ಬಂದದ್ದು ವಿಶ್ವವಿದ್ಯಾಲಯದ ಮುದ್ರಣಾಲಯ ಬೈಬಲ್ ಮಾರಿ ಉಳಿಸಿದ್ದ ಲಾಭದಿಂದ. ಕಟ್ಟಡ ಬಳಕೆಗೆ ಬಂದ ಹೊಸತರಲ್ಲೇ, 1860ರ ಜೂನ್ 30ರಂದು, ಇದರ ಮಹಡಿಯ ಮೇಲೆಯೇ ಬಿಷಪ್ ವಿಲ್ಬರ್‌ಫೋರ್ಸ್‌ಗೂ ಡಾರ್ವಿನ್ ಕಡೆಯ ಹಕ್ಸ್‌ಲಿಗೂ ವಿಕಾಸವಾದದ ಬಗ್ಗೆ ಹೆಸರಾಂತ ವಾಗ್ವಾದ ನಡೆಯಿತು. ಬೈಬಲಿನ ದುಡ್ಡು ಎಲ್ಲಿಗೆ ಹೋಗಿ ಮುಟ್ಟಿತು ನೋಡಿ ಎಂದು ಹುಡುಗನಿಗೆ ಹೇಳಿದರೆ, ಅವನಿಗೆ ಅಷ್ಟು ದುಡ್ಡಿಗೆ ಇಷ್ಟು ದೊಡ್ಡ ಕಟ್ಟಡ ಹೇಗೆ ಎದ್ದಿತು ಎಂಬ ಯೋಚನೆ. ಎಂಜಿನಿಯರ್ ತಾನೆ.

ಉತ್ತರ: ಸರಿಯಾಗಿ ಏಳಲಿಲ್ಲ. 30,000 ಪೌಂಡ್ ಗೋಡೆ, ಸೂರಿಗೆ ಮಾತ್ರ. ಕೆತ್ತನೆಗೆ ದಾನಿಗಳನ್ನು ಹುಡುಕಬೇಕು. ಅಷ್ಟರಲ್ಲಿ ನಡುಹಜಾರದ ಗಾಜಿನ ಮಾಡು ಕೈಕೊಟ್ಟಿತು. ಕವೆಂಟ್ರಿಯ ಸ್ಕಿಡ್‌ಮೋರ್ ಕುಲುಮೆಯ ಕಬ್ಬಿಣದಲ್ಲಿ ನಾಜೂಕಾಗಿ ಕಟ್ಟಿದ ಮೊದಲ ಚೌಕಟ್ಟು ಗಾಜಿನ ಭಾರ ತಡೆಯಲಿಲ್ಲ. ಬಿಚ್ಚಿಳಿಸಿ, ಎರಕದ ಕಬ್ಬಿಣದ ಕಂಬ ನಿಲ್ಲಿಸಿ, ಮತ್ತೆ ಕಟ್ಟಿದರು. ಖರ್ಚು ಏರಿತು. ವಿಶ್ವವಿದ್ಯಾಲಯದ ಹಿರಿಯರ ಮುಖ ಗಂಟಾಯಿತು. ಓಶೇಗೆ ಬಂದ ಕುತ್ತು ಶುರುವಾದದ್ದು ಈ ಮಾಡಿನಿಂದಲೇ ಎಂದು ನನಗನಿಸುತ್ತದೆ. ಮಂಗ, ಬೆಕ್ಕು ಎಲ್ಲ ಆಮೇಲಿನ ಮಾತು.

ಒಳಗೆ ಕಾಲಿಟ್ಟರೆ ಬೆಳಕೋ ಬೆಳಕು. ಡೈನೋಸಾರಿನ ಎಲುಬುಗಳ ಮೇಲೆ ಕಬ್ಬಿಣದ ಮರಗಳು ಕೊಂಬೆ ಚಾಚಿ ನಿಂತಿವೆ. ನಾಲ್ಕೂ ಕಡೆ ಎರಡಂತಸ್ತಿನ ಕಮಾನು ಮೊಗಸಾಲೆ. ಅದರ 126 ಕಂಬಗಳನ್ನು ಬ್ರಿಟನ್, ಐರ್ಲೆಂಡಿನ ಬೇರೆ ಬೇರೆ ಕಲ್ಲುಗಳಲ್ಲಿ ಮಾಡಿಸಿದವನು ಭೂವಿಜ್ಞಾನಿ ಜಾನ್ ಫಿಲಿಪ್ಸ್. ಯಾವ ಕಲ್ಲು, ಯಾವ ಊರಿನದು ಎಂದು ಕಂಬದ ಬುಡದಲ್ಲೇ ಬರೆದಿದೆ. ಭೂವಿಜ್ಞಾನದ ವಿದ್ಯಾರ್ಥಿಗೆ ಕಂಬವೇ ಪಾಠ. ಬೋದಿಗೆಗಳು ಸಸ್ಯಶಾಸ್ತ್ರದ ಪಾಠ: ಒಂದೊಂದರ ಮೇಲೂ ಒಂದೊಂದು ಕುಟುಂಬದ ಗಿಡ. ಕೆತ್ತುವವರ ಕಣ್ಣೆದುರಿಗೆ ಜೀವಂತ ಮಾದರಿ ಇರಲೆಂದು ಊರಿನ ಬೊಟಾನಿಕ್ ಗಾರ್ಡನ್ನಿನಿಂದ ಹಸಿ ಗಿಡಗಳೇ ಬರುತ್ತಿದ್ದವು. ಓಶೇ ಅದನ್ನು ಕಲ್ಲಿನ ಪಕ್ಕ ಇಟ್ಟುಕೊಂಡು, ಬಾಡುವುದರೊಳಗೆ ಅದರ ನಿಲುವು ಹಿಡಿದುಬಿಡಬೇಕು.

ನಾವು ಕೆಳಗಿನ ಮೊಗಸಾಲೆಯಲ್ಲಿ ಒಂದು ಬದಿಯಿಂದ ಶುರುಮಾಡಿದೆವು. ಒಂದು ಜರೀಗಿಡದ ಬೋದಿಗೆ ಇದೆ. ಜರೀಗಿಡದ ಎಳೆಯ ಕುಡಿ ಬಿಚ್ಚಿಕೊಳ್ಳುವ ಮೊದಲು ಸುತ್ತಿಕೊಂಡಿರುತ್ತದಲ್ಲ, ಮಲೆನಾಡಿನ ತೋಡಿನ ಬದಿಯಲ್ಲಿ ನೋಡಿರುತ್ತೀರಿ, ಆ ಸುರುಳಿ ಕಲ್ಲಿನಲ್ಲಿ ಒಂದೊಂದೂ ಬೇರೆ ಬೇರೆ ಹಂತದಲ್ಲಿದೆ. ಒಂದು ಪೂರ್ತಿ ಮುಚ್ಚಿದೆ. ಇನ್ನೊಂದು ಅರ್ಧ ಬಿಚ್ಚಿದೆ. ಮೂರನೆಯದು ಎದ್ದು ನಿಂತಿದೆ. ಕೆಳಗೆ ಕಂಬಕ್ಕೆ ಸೇರುವಲ್ಲಿ ಕಾಂಡಗಳನ್ನು ಕಲ್ಲಿನಿಂದ ಬಹುಪಾಲು ಬಿಡಿಸಿಬಿಟ್ಟಿದ್ದಾನೆ, ಹಿಂದೆ ಬೆರಳು ತೂರಬಹುದು. ಸುತ್ತಿಗೆ ಪೆಟ್ಟು ಒಂಚೂರು ಜೋರಾಗಿ ಬಿದ್ದಿದ್ದರೆ ಇಡೀ ಕುಡಿ ಕಳಚಿಕೊಳ್ಳುತ್ತಿತ್ತು. ಎಲೆಯ ಮೇಲ್ಮೈಗೆ ನುಣುಪು ಕೊಟ್ಟಿಲ್ಲ, ಚಾಣ ಹರಿದ ಗೀರುಗಳೇ ಎಲೆಯ ನರಗಳಾಗಿವೆ. ಹತ್ತಿರದ ಇನ್ನೊಂದರಲ್ಲಿ ಎಲೆಗಳ ನಡುವೆ ಹಕ್ಕಿಯೊಂದು ಕುಳಿತಿದೆ. ಸಸ್ಯಶಾಸ್ತ್ರದ ಪಾಠದಲ್ಲಿ ಹಕ್ಕಿಗೇನು ಕೆಲಸ ಎಂದು ಯಾರೂ ಕೇಳಲಿಲ್ಲವೋ, ಕೇಳಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲವೋ.

ಮುಂದೆ ನಡೆಯುತ್ತಿದ್ದ ಹಾಗೆ ಕೈ ಬದಲಾದದ್ದು ಕಣ್ಣಿಗೇ ಗೊತ್ತಾಗುತ್ತದೆ. ಓಶೇ ಬಿಟ್ಟುಹೋದ ಮೇಲೆ ಹಲವು ಬೋದಿಗೆಗಳು ಬರೀ ಮೊಂಡುಕಲ್ಲಾಗಿ ಅರ್ಧ ಶತಮಾನ ಹಾಗೇ ಇದ್ದವು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಲಂಡನ್ನಿನ ಫಾರ್ಮರ್ ಅಂಡ್ ಬ್ರಿಂಡ್ಲಿ ಸಂಸ್ಥೆಯವರು ಬಂದು ಮುಗಿಸಿದರು. ಅವರದು ಅಚ್ಚುಕಟ್ಟು ಕೆಲಸ. ಎಲೆಗಳು ಸಾಲಾಗಿ, ಸಮನಾಗಿ, ಶಿಸ್ತಾಗಿ ನಿಂತಿವೆ. ತಪ್ಪು ಹುಡುಕಲು ಆಗುವುದಿಲ್ಲ, ಎರಡನೇ ಸಲ ನೋಡಬೇಕೆನಿಸುವುದೂ ಇಲ್ಲ. ಹುಡುಗ ಯಾವುದು ಯಾರದ್ದೆಂದು ಬೆಟ್ಟು ಮಾಡುವ ಆಟ ಕಟ್ಟಿದ. ಬಹುಪಾಲು ಸರಿ ಹೇಳಿದ.

ಹಜಾರದ ಸುತ್ತ ವಿಜ್ಞಾನಿಗಳ ಪೂರ್ಣಮೂರ್ತಿಗಳಿವೆ. ಗೆಲಿಲಿಯೋ, ಹಿಪೊಕ್ರೆಟಿಸ್ ಮುಂತಾದವನ್ನು ಮಾಡಿದವನು ಅಲೆಕ್ಸಾಂಡರ್ ಮನ್ರೊ, ಬೇಕನ್ನನನ್ನು ಥಾಮಸ್ ವೂಲ್ನರ್, ಲ್ಯಾಪ್‌ಲ್ಯಾಂಡಿನ ತುಪ್ಪಳದ ಉಡುಪಿನ ಲಿನೇಯಸ್‌ನನ್ನು ಜಾನ್ ಟಪ್ಪರ್. ಇವರು ಕಲಾವಿದರು, ಇವರ ಹೆಸರು ಪಟ್ಟಿಯಲ್ಲಿ ಬರುತ್ತದೆ. ಅವರ ತಲೆಯ ಮೇಲೆ ಎಲೆ ಕೆತ್ತಿದವನು ಕೂಲಿಯವನು. ಆ ಕಾಲದಲ್ಲಿ ಸ್ಕಲ್ಪ್ಟರ್ ಬೇರೆ, ಕಾರ್ವರ್ ಬೇರೆ. ಒಬ್ಬ ಮಣ್ಣಿನಲ್ಲಿ ಮಾದರಿ ಮಾಡಿ ಕಳಿಸುತ್ತಿದ್ದ, ಇನ್ನೊಬ್ಬ ಏಣಿ ಹತ್ತಿ ಧೂಳು ಕುಡಿಯುತ್ತಿದ್ದ. ಆದರೂ ಇಲ್ಲಿ ಕೆಲಸಗಾರರನ್ನು ಚೆನ್ನಾಗಿಯೇ ನೋಡಿಕೊಂಡರು ಎನ್ನಬೇಕು. ಅವರಿಗೆಂದೇ ಊಟದ ಕೋಣೆ, ಓದಲು ಪುಸ್ತಕ, ಬೆಳಗ್ಗೆ ಪ್ರಾರ್ಥನೆ ಎಲ್ಲ ಇತ್ತು. ರಸ್ಕಿನ್ ತಾನೂ ಕೈಯಾರೆ ದುಡಿಯಬೇಕೆಂದು ಒಂದು ಇಟ್ಟಿಗೆಯ ಕಂಬ ಕಟ್ಟಿದನಂತೆ. ಆಮೇಲೆ ಗಾರೆಯವರು ಅದನ್ನು ಕೆಡವಿ ಮತ್ತೆ ಕಟ್ಟಬೇಕಾಯಿತಂತೆ.

ಮಧ್ಯಾಹ್ನ ಕವರ್ಡ್ ಮಾರ್ಕೆಟ್ಟಿನಲ್ಲಿ ತಿಂಡಿ. ಮತ್ತೆ ಮ್ಯೂಸಿಯಂ ಮುಚ್ಚುವವರೆಗೂ ಅಲ್ಲೇ.

ಭಾನುವಾರ, ಆಕ್ಸ್‌ಫರ್ಡ್

ಬೆಳಗ್ಗೆ ಬೊಟಾನಿಕ್ ಗಾರ್ಡನ್‌ಗೆ ಹೋದೆವು. 1621ರ ತೋಟ, ಮಾಡ್ಲಿನ್ ಸೇತುವೆಯ ಪಕ್ಕ. ಇಲ್ಲಿಂದ ಮ್ಯೂಸಿಯಂಗೆ ಸುಮಾರು ಒಂದು ಮೈಲಿ. ತೋಟದ ಬೇಲಿ ಹಾರಿದ ಗಿಡವೊಂದರ ಕಥೆ ಇಲ್ಲಿ ಎಲ್ಲರೂ ಹೇಳುತ್ತಾರೆ. ಸಿಸಿಲಿಯಿಂದ ತಂದ ಹಳದಿ ಹೂವಿನ ರ‍್ಯಾಗ್‌ವರ್ಟ್ ಗೋಡೆ ದಾಟಿ, ರೈಲು ಹಳಿಯ ಜಲ್ಲಿಕಲ್ಲನ್ನೇ ತವರಿನ ಜ್ವಾಲಾಮುಖಿ ನೆಲ ಅಂದುಕೊಂಡು, ಹಳಿಯ ಗುಂಟ ಇಂಗ್ಲೆಂಡೆಲ್ಲ ಹಬ್ಬಿತು. ಗಿಡ ಕೈಯಲ್ಲಿ ಹಿಡಿದು ಹೈ ಸ್ಟ್ರೀಟ್ ದಾಟುವ ಐರಿಷ್ ಕಲ್ಲುಕುಟಿಗನನ್ನು ನೋಡಿ ಕಪ್ಪು ಗೌನಿನ ಪ್ರೊಫೆಸರುಗಳು ಏನಂದುಕೊಂಡರೋ. ಅದೇ ದಾರಿಯಲ್ಲಿ ನಾವೂ ನಡೆದೆವು, ಕೈಯಲ್ಲಿ ಕಾಫಿ ಲೋಟ ಮಾತ್ರ.

ಇವತ್ತಿನ ಪಾಲು ಹೊರಗೋಡೆ. ಮುಂಭಾಗದ ಕಿಟಕಿಗಳ ಚೌಕಟ್ಟನ್ನು ಬಾತ್ ಕಲ್ಲಿನಲ್ಲಿ ಕಟ್ಟಿದ್ದಾರೆ. ಕೆಲವು ಕಿಟಕಿಗೆ ಸೊಗಸಾದ ಕೆತ್ತನೆ, ಕೆಲವಕ್ಕೆ ಅರ್ಧ, ಉಳಿದವಕ್ಕೆ ಬರೀ ಚಪ್ಪಟೆ ಕಲ್ಲು. ಎಲ್ಲಿ ದುಡ್ಡು ನಿಂತಿತು ಎಂಬ ಖಾತೆಪುಸ್ತಕವನ್ನು ಗೋಡೆಯ ಮೇಲೇ ಓದಬಹುದು.

ಈಗ ಜಗಳದ ಕಥೆ. ಇದನ್ನು ಬರೆದಿಟ್ಟವನು ಆಕ್ಲೆಂಡ್, ಅದೂ ಎಷ್ಟೋ ವರ್ಷಗಳ ಮೇಲೆ. ಆದ್ದರಿಂದ ಒಂದಿಷ್ಟು ಉಪ್ಪು ಖಾರ ಸೇರಿದ್ದರೂ ಸೇರಿರಬಹುದು. ಒಂದು ದಿನ ಓಶೇ ಕಿಟಕಿಯ ಬಳಿ ಅಟ್ಟಣಿಗೆ ಮೇಲೆ ಕೂತು ರೋಷದಿಂದ ಬಡಿಯುತ್ತಿದ್ದ. ಏನು ಸಮಾಚಾರ ಎಂದು ಕೇಳಿದರೆ, ಯೂನಿವರ್ಸಿಟಿ ಕಾಲೇಜಿನ ಮಾಸ್ಟರ್, ಅಂದರೆ ಅದರ ಮುಖ್ಯಸ್ಥರು, ಬಂದು ಏನು ಕೆತ್ತುತ್ತಿದ್ದೀಯ ಎಂದು ಕೇಳಿದರಂತೆ. ಮಂಗ ಎಂದನಂತೆ ಇವನು. ಕೂಡಲೇ ಕೆಳಗಿಳಿ, ವಿಶ್ವವಿದ್ಯಾಲಯದ ಆಸ್ತಿ ಹಾಳುಮಾಡುತ್ತಿದ್ದೀಯ ಎಂದು ಅವರು ಗದರಿದರಂತೆ. ಮಾರನೆಯ ದಿನ ಆಕ್ಲೆಂಡ್ ಬಂದು ನೋಡಿದರೆ ಮತ್ತೆ ಅದೇ ಬಡಿತ. ಈಗೇನು? ಬೆಕ್ಕು. ಮಾಸ್ಟರ್ ಮತ್ತೆ ಬಂದಿದ್ದರು, ಬೇಡವೆಂದರೂ ಮಂಗ ಕೆತ್ತುತ್ತೀಯಾ ಎಂದರು, ಇವತ್ತು ಬೆಕ್ಕು ಸ್ವಾಮಿ ಎಂದೆ, ಗಾಬರಿಯಾಗಿ ಹೊರಟುಹೋದರು ಎಂದು ಓಶೇ ಹೇಳಿದನಂತೆ.

ಈ ಮಂಗಗಳನ್ನು ಡಾರ್ವಿನ್ನನ ಜೊತೆ ಗಂಟುಹಾಕಿ, ಮನುಷ್ಯನ ಮೂಲ ಮಂಗ ಎಂದದ್ದಕ್ಕೆ ಪಾದ್ರಿಗಳಿಗೆ ಸಿಟ್ಟು ಬಂತು ಎಂದು ಹೇಳುವವರು ಬಹಳ. ಕಥೆ ಚೆನ್ನಾಗಿದೆ. ಆದರೆ ಆಕ್ಲೆಂಡ್ ಬರೆದದ್ದರಲ್ಲಿ ಮಾಸ್ಟರ್‌ಗೆ ನೋವಾದದ್ದು ಆಸ್ತಿಗೆ, ನಂಬಿಕೆಗಲ್ಲ. ಬೆಲೆಬಾಳುವ ಕಲ್ಲು, ಮಾಡಿಗೆ ಸುರಿದ ದುಡ್ಡು, ಅದರ ಮೇಲೆ ಯಾರ ಅಪ್ಪಣೆಯೂ ಇಲ್ಲದೆ ಮಂಗ ಕೆತ್ತುವ ಕೂಲಿ. ನಮ್ಮ ಪಂಚಾಯತಿ ಮೆಂಬರಿಗೂ ಇಷ್ಟೇ ಸಿಟ್ಟು ಬರುತ್ತಿತ್ತು. ಬೆಕ್ಕುಗಳು ಮಾತ್ರ ಮಹಡಿಯ ಕಿಟಕಿಯಲ್ಲಿ ಈಗಲೂ ಇವೆ. ಓಶೇ ಕಿಟಕಿಯ ಮುಂದೆ ಕೆತ್ತುತ್ತ ಕೂತ ಹಳೆಯ ಫೋಟೋ ಕೂಡ ಒಂದು ಉಳಿದಿದೆ. ಗಡ್ಡದ ಮನುಷ್ಯ.

ಕೊನೆಗೆ ಅವನನ್ನು ಕೆಲಸದಿಂದ ತೆಗೆದರು. ಆಮೇಲೊಂದು ದಿನ ಆಕ್ಲೆಂಡ್ ನೋಡಿದಾಗ ಅವನು ಬಾಗಿಲ ಕಮಾನಿಗೆ ಒಂಟಿ ಏಣಿ ಒರಗಿಸಿಕೊಂಡು ಗಟ್ಟಿಯಾದ ಹಸಿರು ಕಲ್ಲನ್ನು ಸುತ್ತಿಗೆಯಲ್ಲಿ ಚಚ್ಚುತ್ತಿದ್ದ. ನೀನು ಹೋದೆ ಅಂದುಕೊಂಡಿದ್ದೆ, ಇದಕ್ಕೆ ವುಡ್‌ವರ್ಡ್ ನಕ್ಷೆಯನ್ನೇ ಕೊಟ್ಟಿಲ್ಲವಲ್ಲ, ಏನು ಮಾಡುತ್ತಿದ್ದೀಯ ಎಂದರೆ, ಪೆಟ್ಟು ನಿಲ್ಲಿಸದೆ ಕೂಗಿ ಹೇಳಿದ: ಗಿಳಿ, ಗೂಬೆ! ಗಿಳಿ, ಗೂಬೆ! ಕಾನ್ವೊಕೇಷನ್ನಿನ ಸದಸ್ಯರು! ಕಾನ್ವೊಕೇಷನ್ ಅಂದರೆ ಆಗ ವಿಶ್ವವಿದ್ಯಾಲಯವನ್ನು ನಡೆಸುತ್ತಿದ್ದ ಹಿರಿಯರ ಸಭೆ. ಹೇಳಿಕೊಟ್ಟದ್ದನ್ನೇ ಹೇಳುವ ಗಿಳಿ ಒಂದು, ಹಗಲೆಲ್ಲ ತೂಕಡಿಸುವ ಗೂಬೆ ಒಂದು, ಸಾಲಾಗಿ. ಆಕ್ಲೆಂಡ್ ಪಾಪ ಎರಡೂ ಕಡೆಗೆ ಬೇಕಾದವನು. ನಕ್ಕಿದ್ದರೂ ನಕ್ಕಿರಬೇಕು, ಆದರೆ ತಲೆಗಳನ್ನು ಒಡೆದುಹಾಕು ಎಂದ. ಓಶೇ ತಲೆ ಒಡೆದ. ಮೈ ಬಿಟ್ಟ.

ಬಾಗಿಲಲ್ಲಿ ನಿಂತು ಕತ್ತೆತ್ತಿದೆವು. ಕಮಾನಿನ ತುದಿಯಲ್ಲಿ ದೇವದೂತ, ಬುಡದಲ್ಲಿ ಆಡಮ್, ಈವ್. ನಮಗೆ ಬೇಕಾದ ಹಕ್ಕಿಗಳನ್ನು ತೋರಿಸಿದವರು ಬಾಗಿಲಲ್ಲಿದ್ದ ಮ್ಯೂಸಿಯಂನ ಹೆಂಗಸು, ದಿನಕ್ಕೆ ಹತ್ತು ಸಲ ಬೆರಳು ಮಾಡಿ ರೂಢಿಯಾದ ಗತ್ತಿನಲ್ಲಿ. ಮೊಂಡು ಉಬ್ಬುಗಳ ಸಾಲು. ಕಥೆ ಗೊತ್ತಿಲ್ಲದಿದ್ದರೆ ಕಲ್ಲು ಸವೆದಿದೆ ಅಂದುಕೊಂಡು ಒಳಗೆ ಹೋಗಿಬಿಡುತ್ತೀರಿ. ಗೊತ್ತಿದ್ದರೆ ಎದೆ, ಮಡಚಿದ ರೆಕ್ಕೆ, ಹಿಡಿದ ಕಾಲು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ತಲೆ ಇದ್ದಿದ್ದರೆ ಇದೊಂದು ಸಾಧಾರಣ ಕುಚೋದ್ಯ ಆಗಿರುತ್ತಿತ್ತು ಅನಿಸಿತು. ತಲೆ ಹೊಡೆಸಿದ ಹಿರಿಯರೇ ಅದನ್ನು ಊರಿಗೆಲ್ಲ ಗೊತ್ತಾಗುವಂತೆ ಮಾಡಿದರು.

ವುಡ್‌ವರ್ಡ್ 1861ರ ಮೇನಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ತೀರಿಕೊಂಡ, ಇನ್ನೂ ನಲವತ್ತೈದು ತುಂಬಿರಲಿಲ್ಲ. ಓಶೇಗಳ ಬೆನ್ನಿಗೆ ನಿಲ್ಲುತ್ತಿದ್ದ ಮುಖ್ಯ ಆಸರೆ ಹೋಯಿತು. 1877ರಲ್ಲಿ ರಸ್ಕಿನ್ ಆಕ್ಸ್‌ಫರ್ಡಿನಲ್ಲೇ ಭಾಷಣ ಮಾಡುತ್ತ ಓಶೇಯನ್ನು ನೆನೆದ. ಅವನು ನಿಜವಾದ ಪ್ರತಿಭಾವಂತ, ಒಳ್ಳೆಯ ಮನಸ್ಸಿನವನು, ಇಲ್ಲಿ ನಾವು ಬಯಸಿದ್ದನ್ನು ಮಾಡಬಲ್ಲವನು ಅವನೊಬ್ಬನೇ ಇದ್ದ ಎಂದ. ಆದರೆ ವರ್ಷಗಟ್ಟಲೆ ಶ್ರದ್ಧೆಯಿಂದ ಕಲಿತ ಮೇಲೆ ಮಾತ್ರ ಅದು ಆಗುತ್ತಿತ್ತು, ಮೊದಲ ಪ್ರಯತ್ನದ ಖುಷಿಯಲ್ಲೇ ಅವನು ತನಗಿನ್ನು ಕಲಿಯಬೇಕಾದ್ದೇನೂ ಇಲ್ಲ ಅಂದುಕೊಂಡುಬಿಟ್ಟ ಎಂದೂ ಸೇರಿಸಿದ. ಇದನ್ನು ಓದಿದಾಗಲೆಲ್ಲ ನನಗೆ ಕಿರಿಕಿರಿಯಾಗುತ್ತದೆ. ಕೈಗೆ ಸ್ವಾತಂತ್ರ್ಯ ಕೊಡಿ ಎಂದವನೇ ಆಮೇಲೆ ಪರೀಕ್ಷಕನ ಕುರ್ಚಿ ಎಳೆದುಕೊಂಡು ಕೂತ. ಒಂದು ಕುಡಿ ಮುಚ್ಚಿ, ಇನ್ನೊಂದನ್ನು ಅರ್ಧ ಬಿಚ್ಚಿ ನಿಲ್ಲಿಸಿದ ಆ ಜರೀಗಿಡದ ಮುಂದೆ ನಿಂತವನಿಗೆ ಇನ್ನೇನು ಕಲಿಯಬೇಕಿತ್ತು ಎಂದು ಕೇಳಬೇಕೆನಿಸುತ್ತದೆ. ಹಾಗೆಂದು ರಸ್ಕಿನ್ ಪೂರ್ತಿ ಸುಳ್ಳಾಡಿದ ಎನ್ನುವಂತಿಲ್ಲ. ಎಲೆ, ಹಕ್ಕಿಗಳಲ್ಲಿ ಓಶೇಗಿದ್ದ ಹಿಡಿತ ಮನುಷ್ಯರೂಪಕ್ಕೆ ಬಂದಾಗ ಸಡಿಲವಾಗುತ್ತದೆ.

ಸೋಮವಾರ, ಮ್ಯಾಂಚೆಸ್ಟರ್

ಆಕ್ಸ್‌ಫರ್ಡಿನಿಂದ ನೇರ ರೈಲು, ಸುಮಾರು ಮೂರು ಗಂಟೆ. ಹುಡುಗನಿಗೆ ರಾತ್ರಿ ಡಬ್ಲಿನ್ ವಿಮಾನ ಇತ್ತು. ಮನೆಯಲ್ಲಿ ಸಾರು ಅನ್ನ ಉಂಡು, ಟ್ರಾಮ್ ಹಿಡಿದು ವಿಕ್ಟೋರಿಯಾ ಸ್ಟೇಷನ್‌ಗೆ ಬಂದೆವು. ಅಲ್ಲಿಂದ ಗ್ರೇಟ್ ಡ್ಯೂಸಿ ಸ್ಟ್ರೀಟಿನಲ್ಲಿ ಹತ್ತು ನಿಮಿಷದ ನಡಿಗೆ.

ಇಲ್ಲಿ ಅಸೈಜ್ ಕೋರ್ಟ್ಸ್ ಎಂಬ, ದೊಡ್ಡ ಅಪರಾಧಗಳ ವಿಚಾರಣೆ ನಡೆಯುತ್ತಿದ್ದ ನ್ಯಾಯಾಲಯ ಇತ್ತು. ವಾಸ್ತುಶಿಲ್ಪಿ ಆಲ್ಫ್ರೆಡ್ ವಾಟರ್‌ಹೌಸ್‌ಗೆ ಹೆಸರು ತಂದುಕೊಟ್ಟ ಕಟ್ಟಡ, 1859ರಲ್ಲಿ ಶುರುವಾಗಿ 1864ರಲ್ಲಿ ತೆರೆಯಿತು. ಆಕ್ಸ್‌ಫರ್ಡ್ ಬಿಟ್ಟ ಮೇಲೆ ಓಶೇ ಮತ್ತು ವೀಲನ್ ಇಲ್ಲಿ ಕೆಲಸ ಹಿಡಿದರು. 1863ರಲ್ಲಿ ಇದನ್ನು ನೋಡಿದ ರಸ್ಕಿನ್, ತನ್ನ ತತ್ವದಂತೆ ಇಂಗ್ಲೆಂಡಿನಲ್ಲಿ ಅದುವರೆಗೆ ಆದದ್ದೆಲ್ಲಕ್ಕಿಂತ ಇದು ಬಹಳ ಮೇಲು ಎಂದು ಮನೆಗೆ ಬರೆದ. ಈ ಸಲ ಎಲೆ ಹೂವಿನ ಜೊತೆಗೆ ಬೋದಿಗೆಗಳ ಮೇಲೆ ಹಳೆಯ ಕಾಲದ ಶಿಕ್ಷೆಗಳು ಬಂದವು: ತಲೆ ಕಡಿಯುವುದು, ಮೈಮೇಲೆ ಭಾರ ಹೇರಿ ಅಪ್ಪಚ್ಚಿ ಮಾಡುವುದು, ಹೀಗೆ. ಕಟಕಟೆ ಹತ್ತಲು ಬಂದ ಬಡಪಾಯಿಗಳ ತಲೆಯ ಮೇಲೆ ಅದೆಲ್ಲ. ನ್ಯಾಯಾಲಯದವರು ಇದಕ್ಕೆ ಬೇಡ ಎನ್ನಲಿಲ್ಲ. ಮಂಗ ಕೂಡದು, ಮನುಷ್ಯನನ್ನು ಹಿಂಡುವ ಯಂತ್ರ ಆಗಬಹುದು.

ನೋಡಲು ಈಗ ಏನೂ ಇಲ್ಲ. 1940ರ ಡಿಸೆಂಬರಿನಲ್ಲೂ ಮುಂದಿನ ವರ್ಷವೂ ಜರ್ಮನ್ ಬಾಂಬು ಬಿತ್ತು. ಸುಟ್ಟ ಗೋಡೆಗಳು ಹಾಗೇ ನಿಂತಿದ್ದು, 1957ರಲ್ಲಿ ಕೆಡವಿದರು. ಆ ಜಾಗದ ಹಿಂಬದಿಗೆ ವಾಟರ್‌ಹೌಸ್‌ನೇ ಕಟ್ಟಿದ ಸ್ಟ್ರೇಂಜ್‌ವೇಸ್ ಜೈಲು ಉಳಿದಿದೆ. ಅದರ ಸುಮಾರು 70 ಮೀಟರ್ ಎತ್ತರದ ಇಟ್ಟಿಗೆ ಗೋಪುರ ಊರಿನ ಎಲ್ಲ ಕಡೆಯಿಂದಲೂ ಕಾಣುತ್ತದೆ. ಕೆಲಸಕ್ಕೆ ಹೋಗುವಾಗ ದಿನಾ ನೋಡುತ್ತೇನೆ, ಅದರ ಮುಂದೊಂದು ಕೋರ್ಟು ಇತ್ತೆಂಬುದು ಇತ್ತೀಚಿನವರೆಗೂ ಗೊತ್ತಿರಲಿಲ್ಲ. ಹುಡುಗ ಪಾಯದ ಗುರುತು ಏನಾದರೂ ಇದೆಯೇ ಎಂದು ಬೇಲಿಯುದ್ದಕ್ಕೂ ಇಣುಕಿದ. ಗಾಡಿಗಳು ನಿಂತಿದ್ದವು.

ಕೆಡವುವಾಗ ಒಂದಿಷ್ಟು ಕೆತ್ತನೆಯ ಕಲ್ಲುಗಳನ್ನು ಉಳಿಸಿ, ಕ್ರೌನ್ ಸ್ಕ್ವೇರಿನ ಹೊಸ ಕೋರ್ಟಿಗೆ ಸಾಗಿಸಿದರು. ಅಲ್ಲಿಗೂ ನಡೆದು ಹೋದೆವು. ಒಳಗೆ ಮೊಕದ್ದಮೆಗಳು ನಡೆಯುತ್ತಿರುತ್ತವೆ, ಫೋಟೋ ತೆಗೆದರೆ ಅದೇ ಒಂದು ಅಪರಾಧ. ಶಿಲ್ಪ ನೋಡಬೇಕು ಎಂದು ಭದ್ರತೆಯವನ ಮುಂದೆ ಬೆಲ್ಟು ಬಿಚ್ಚಿ ನಿಲ್ಲಲು ನನಗೆ ಮನಸ್ಸಾಗಲಿಲ್ಲ. ಸೆಪ್ಟೆಂಬರಿನಲ್ಲಿ ಹೆರಿಟೇಜ್ ಓಪನ್ ಡೇಸ್ ಎಂದು ಹಳೆಯ ಕಟ್ಟಡಗಳ ಬಾಗಿಲು ತೆರೆದಿಡುತ್ತಾರೆ. ಆಗ ಕಲ್ಲು ತೋರಿಸುತ್ತೀರಾ ಎಂದು ಕೋರ್ಟಿನವರಿಗೆ ಪತ್ರ ಬರೆಯುತ್ತೇನೆ ಅಂದೆ.

"ತೋರಿಸ್ತಾರೆ ಅಂದ್ರೆ ನನಗೂ ಹೇಳಿ ಮಾವ, ಬರ್ತೀನಿ. ಟಿಕೆಟ್ ಮಾತ್ರ ನೀವೇ ತೆಗೆಸಬೇಕು," ಅಂದು ಅವನು ಏರ್‌ಪೋರ್ಟ್ ಟ್ರಾಮ್ ಹತ್ತಿದ.